ಬಿಳಿ ಇಲಿಗಳನ್ನು ದತ್ತು ಕೊಡುವ ಮುನ್ನ

ನಮ್ಮ ಚಿಕಿತ್ಸಾಲಯಕ್ಕೆ ಬಿಳಿ ಇಲಿ ಒಂಟಿಯಾಗಿ ಬರುವುದು ಅಪರೂಪ. ಬಂದರೆ ಹಿಂಡಾಗಿಯೇ ಬರುತ್ತವೆ. ಯಾರೋ ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ಜೋಡಿ ಕೊಂಡಿರುತ್ತಾರೆ. ಕೆಲವೇ ತಿಂಗಳಲ್ಲಿ ಪೆಟ್ಟಿಗೆ ತುಂಬಿ ವಾಸನೆ ಹಬ್ಬುತ್ತದೆ, ಮನೆ ಮಾಲೀಕರು ಗದರುತ್ತಾರೆ. ಕೊನೆಗೆ ಆ ಮನೆಯವರೋ, ಪ್ರಾಣಿ ರಕ್ಷಣೆಯ ಸ್ವಯಂಸೇವಕರೋ ರಟ್ಟಿನ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನ ಟ್ರಾಫಿಕ್ ದಾಟಿ ನಮ್ಮಲ್ಲಿಗೆ ತರುತ್ತಾರೆ. ಸಣ್ಣ ಪ್ರಾಣಿಗಳ ಚಿಕಿತ್ಸೆ ನನ್ನ ಕೆಲಸ. ಅವುಗಳಿಗೆ ಹೊಸ ಮನೆ ಹುಡುಕುವುದೂ ಚಿಕಿತ್ಸೆಯ ಭಾಗವೇ, ಅದನ್ನು ಆತುರವಿಲ್ಲದೆ ಮಾಡಬೇಕು ಎಂಬುದನ್ನು ಈ ಇಲಿಗಳಿಂದಲೇ ಕಲಿತಿದ್ದೇನೆ.

ಪೆಟ್ಟಿಗೆ ತೆರೆದ ಕೂಡಲೇ ಮಾಡುವ ಕೆಲಸ ಒಂದೇ: ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ತೂಕ, ಗಾಯ, ಚರ್ಮದ ಹುಳ ಎಲ್ಲವೂ ಆಮೇಲೆ. ಇಲಿಯ ಗರ್ಭಾವಧಿ 19ರಿಂದ 21 ದಿನ. ಹೆತ್ತ ಒಂದು ದಿನದೊಳಗೆ ತಾಯಿ ಮತ್ತೆ ಗರ್ಭ ಧರಿಸಬಲ್ಲಳು, ಅಂದರೆ ಒಂದು ಸೂಲಿನ ಮರಿಗಳಿಗೆ ಹಾಲೂಡಿಸುತ್ತಲೇ ಮುಂದಿನ ಸೂಲನ್ನು ಹೊತ್ತಿರುತ್ತಾಳೆ. ಮರಿಗಳು ಐದಾರು ವಾರಕ್ಕೆಲ್ಲ ತಾವೇ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ದೊಡ್ಡ ಗಂಡನ್ನು ಗುರುತಿಸುವುದು ಸುಲಭ, ವೃಷಣಗಳು ಕಣ್ಣಿಗೆ ಕಾಣುತ್ತವೆ. ಮರಿಗಳಲ್ಲಿ ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ನೋಡಬೇಕು. ಗಂಡಿನಲ್ಲಿ ಅದು ಹೆಚ್ಚು. ಒಂದನ್ನೇ ಹಿಡಿದು ನೋಡಿದರೆ ಅನುಮಾನ ಉಳಿಯುತ್ತದೆ, ಎರಡನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ, ಮೈಮೇಲೆ ರೋಮ ದಟ್ಟವಾಗುವ ಮುನ್ನ, ಹೆಣ್ಣು ಮರಿಗಳ ಮೊಲೆತೊಟ್ಟು ಸ್ಪಷ್ಟವಾಗಿ ಕಾಣುತ್ತದೆ. ಆ ದಿನಗಳು ಸಿಕ್ಕರೆ ಬಿಡಬಾರದು.

ಹೀಗೆ ಬೇರ್ಪಡಿಸಿದ ಹೆಣ್ಣುಗಳೆಲ್ಲವೂ ಬಸಿರೆಂದೇ ನಾನು ಲೆಕ್ಕ ಹಿಡಿಯುತ್ತೇನೆ. ಮೂರು ವಾರ ಕಳೆಯುವ ತನಕ ಯಾವುದನ್ನೂ ದತ್ತು ಕೊಡುವುದಿಲ್ಲ. ಇಲ್ಲಿಯೇ ಒತ್ತಡ ಶುರುವಾಗುವುದು. ತಂದವರಿಗೆ ಜಾಗ ಖಾಲಿಯಾಗಬೇಕು, ಕೇಳಿ ಬಂದವರಿಗೆ ಇವತ್ತೇ ಬೇಕು, ನಮ್ಮಲ್ಲಿ ಪಂಜರಗಳು ಸಾಲುವುದಿಲ್ಲ. ಆದರೂ ಕಾಯಲೇಬೇಕು. ಬಸುರಿ ಇಲಿಯೊಂದನ್ನು ಎರಡು ಕೋಣೆಯ ಮನೆಗೆ ಕಳಿಸಿದರೆ ಇನ್ನೊಂದು ರಟ್ಟಿನ ಪೆಟ್ಟಿಗೆಯನ್ನು ನಾವೇ ತಯಾರು ಮಾಡಿದಂತಾಗುತ್ತದೆ. ಈ ಅವಧಿಯಲ್ಲಿ ಹುಟ್ಟಿದ ಮರಿಗಳನ್ನು ಮೂರು ವಾರ ತಾಯಿಯ ಜೊತೆ ಬಿಡುತ್ತೇವೆ, ನಾಲ್ಕನೆಯ ವಾರದೊಳಗೆ ಗಂಡುಗಳನ್ನು ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರೆ ಮಾಡುತ್ತೇವೆ.

“ಇಷ್ಟೊಂದು ಗೋಜಲು ಯಾಕೆ ಡಾಕ್ಟರೇ, ಲಾಲ್‌ಬಾಗ್‌ನಲ್ಲಿ ಬಿಟ್ಟುಬಿಟ್ಟರೆ ಬದುಕಿಕೊಳ್ಳುತ್ತವೆ” ಎಂದು ಕೇಳುವವರು ಇದ್ದಾರೆ. ಬದುಕುವುದಿಲ್ಲ. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದ, ಕೆಂಪು ಕಣ್ಣಿನ, ಸರಿಯಾಗಿ ದೃಷ್ಟಿಯೂ ಇಲ್ಲದ ಬಿಳಿ ಜೀವ ಹಸಿರು ಹುಲ್ಲಿನ ಮೇಲೆ ಹದ್ದಿಗೂ ಬೆಕ್ಕಿಗೂ ದೂರದಿಂದಲೇ ಕಾಣುತ್ತದೆ. ತಾನಾಗಿ ಆಹಾರ ಹುಡುಕಿಕೊಳ್ಳುವುದೂ ಅದಕ್ಕೆ ಗೊತ್ತಿಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ದತ್ತು ಕೇಳಿ ಬಂದವರಲ್ಲಿ ಹೆಚ್ಚಿನವರು ಒಂದೇ ಇಲಿ ಸಾಕು ಎನ್ನುತ್ತಾರೆ. ಹೆಣ್ಣಾದರೆ ನಾನು ಒಂದನ್ನು ಕೊಡುವುದಿಲ್ಲ. ಎರಡು ಮೂರು ಹೆಣ್ಣುಗಳು ಒಟ್ಟಿಗೆ ಹೋಗಬೇಕು. ಅವು ಒಂದರ ಮೇಲೊಂದು ಮಲಗುವ, ಒಂದರ ಮೈಯನ್ನು ಇನ್ನೊಂದು ಶುಚಿ ಮಾಡುವ ಜೀವಿಗಳು. ಗಂಡುಗಳದ್ದು ಬೇರೆಯೇ ಕಥೆ. ಒಂದೇ ಸೂಲಿನ ಅಣ್ಣತಮ್ಮಂದಿರು ಕೆಲವೊಮ್ಮೆ ಹೊಂದಿಕೊಂಡು ಬಾಳುತ್ತಾರೆ, ಆದರೆ ಪರಸ್ಪರ ಪರಿಚಯವಿಲ್ಲದ ದೊಡ್ಡ ಗಂಡುಗಳನ್ನು ಒಂದೇ ಪಂಜರಕ್ಕೆ ಹಾಕಿದರೆ ಬೆನ್ನಿನ ಹಿಂಭಾಗ, ಬಾಲ ಎಲ್ಲ ಕಚ್ಚಿ ಗಾಯವಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಗಂಡು ಹೆಣ್ಣುಗಳ ಜೊತೆ ನೆಮ್ಮದಿಯಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕವೂ ಕೆಲವು ವಾರ ಬೇರೆ ಇಡಬೇಕು ಅಷ್ಟೆ. ಮೂವತ್ತು ಗ್ರಾಂ ತೂಕದ ದೇಹಕ್ಕೆ ಅರಿವಳಿಕೆ ಕೊಡುವುದು ಸಣ್ಣ ಮಾತಲ್ಲ. ಮೈ ಬೇಗ ತಣ್ಣಗಾಗುತ್ತದೆ, ಕೆಳಗೆ ಬಿಸಿ ಪ್ಯಾಡ್ ಇಲ್ಲದೆ ಕತ್ತರಿ ಎತ್ತಬಾರದು. ಈ ಕೆಲಸ ಬಲ್ಲ ವೈದ್ಯರು ಸಿಗದಿದ್ದರೆ ಗಂಡನ್ನು ಒಂಟಿಯಾಗಿಯೇ ಇಟ್ಟು, ಮನುಷ್ಯರು ಹೆಚ್ಚು ಹೊತ್ತು ಜೊತೆಗಿರುವ ಮನೆ ನೋಡುವುದು ಮೇಲು.

ಮನೆಯವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ವಿಚಿತ್ರವೆನಿಸಬಹುದು: “ಮನೆಯಲ್ಲಿ ಇಲಿ ಬೋನು, ಇಲಿ ಪಾಷಾಣ ಇಡುತ್ತೀರಾ?” ಅಜ್ಜಿಯೊಬ್ಬರು ಮೊಮ್ಮಗಳ ಮುಖ ನೋಡಿ, “ಅಡುಗೆಮನೆಯ ಇಲಿಗೆ ಬೋನು, ನಿನ್ನ ಇಲಿಗೆ ಊಟವೇ?” ಎಂದರು. ನ್ಯಾಯವಾದ ಪ್ರಶ್ನೆಯೇ. ಪಾಷಾಣ ಇಡುವ ಮನೆಯಲ್ಲಿ ಪಂಜರದಿಂದ ನುಸುಳಿದ ಇಲಿ ಉಳಿಯುವುದಿಲ್ಲ, ಮತ್ತು ಆರು ಮಿಲಿಮೀಟರಿನಷ್ಟು ಸಂದಿ ಸಿಕ್ಕರೂ ಅದು ನುಸುಳುತ್ತದೆ. ಹೊರಗಿನ ಇಲಿಗಳು ಪಂಜರದ ಕಾಳಿಗಾಗಿ ಬಂದು ರೋಗವನ್ನೂ ಹುಳವನ್ನೂ ಅಂಟಿಸಿ ಹೋಗುತ್ತವೆ. ಮೊದಲು ಅಡುಗೆಮನೆಯ ಸಂದಿಗಳನ್ನು ಮುಚ್ಚಿಸಿ, ಆಮೇಲೆ ಬನ್ನಿ ಎಂದೆ. ಆ ಕುಟುಂಬ ಸಂದಿ ಮುಚ್ಚಿಸಿಕೊಂಡು ಬಂತು. ಈಗ ಇಲಿಗಳಿಗೆ ಸೌತೆಕಾಯಿ ಹೆಚ್ಚಿ ಕೊಡುವವರು ಆ ಅಜ್ಜಿಯೇ.

ಹಿಡಿಯುವ ವಿಧಾನವನ್ನು ಮಾತ್ರ ಎದುರಿಗೇ ಕೂರಿಸಿಕೊಂಡು ಕಲಿಸುತ್ತೇನೆ. ನಾವು ಓದುವಾಗ ಬಾಲ ಹಿಡಿದು ಎತ್ತುವುದೇ ಪದ್ಧತಿಯಾಗಿತ್ತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಪ್ರಶ್ನಿಸಿತು. ಬಾಲ ಹಿಡಿದು ಎತ್ತಿದ ಇಲಿಗಳು ಕೈಗೆ ಹೆದರಿ ದೂರ ಸರಿದವು. ಕೊಳವೆಯೊಳಗೆ ನಡೆಸಿ ಎತ್ತಿದವು, ಬೊಗಸೆಯಲ್ಲಿ ಎತ್ತಿದವು ತಾವಾಗಿಯೇ ಕೈಯ ಹತ್ತಿರ ಬಂದವು. ಮನೆಯಲ್ಲಿ ಟಿಶ್ಯೂ ಕಾಗದದ ಖಾಲಿ ರಟ್ಟಿನ ಕೊಳವೆ ಸಾಕು. ಪೆಟ್ಟಿಗೆಯ ಮೂಲೆಯಲ್ಲಿ ಅವಿತು ನಡುಗುತ್ತಿದ್ದ ಇಲಿ ಕೆಲವು ದಿನಗಳಲ್ಲಿ ಕೊಳವೆ ಕಂಡೊಡನೆ ಓಡಿ ಬರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ; ಪ್ರತಿ ಸಲವೂ ಅಷ್ಟೇ ಸಂತೋಷವಾಗುತ್ತದೆ.

ಗಾಜಿನ ಮೀನಿನ ತೊಟ್ಟಿ ಬೇಡ ಎನ್ನುತ್ತೇನೆ. ಗಾಳಿಯಾಡದಿದ್ದರೆ ಮೂತ್ರದ ಅಮೋನಿಯಾ ಒಳಗೇ ನಿಂತು ಶ್ವಾಸಕೋಶ ಕೆಡುತ್ತದೆ. ಸಾಮಿಲ್‌ನ ಮರದ ಹೊಟ್ಟೂ ಬೇಡ, ಧೂಳು ಜಾಸ್ತಿ. ಸಣ್ಣಗೆ ಹರಿದ, ಮುದ್ರಣವಿಲ್ಲದ ಕಾಗದ ಒಳ್ಳೆಯದು. ಪಂಜರ ತೊಳೆಯುವಾಗ ಗೂಡಿನ ಹಳೆಯ ಕಾಗದವನ್ನು ಸ್ವಲ್ಪ ಉಳಿಸಿ ಹೊಸದಕ್ಕೆ ಸೇರಿಸಬೇಕು. ತಮ್ಮ ವಾಸನೆ ಪೂರ್ತಿ ಅಳಿಸಿಹೋದರೆ ಗಂಡುಗಳಲ್ಲಿ ಜಗಳ ಹೆಚ್ಚುತ್ತದೆ. ಬೇಸಿಗೆ ರಜೆಗೆ ಇಲಿಗಳನ್ನೂ ಊರಿಗೆ ಒಯ್ಯುವವರಿಗೆ ಇನ್ನೊಂದು ಮಾತು: ನಲವತ್ತು ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಮಧ್ಯಾಹ್ನ ಅವುಗಳ ಪ್ರಾಣಕ್ಕೇ ಎರವಾಗುತ್ತದೆ. ತಂಪಾದ ಕೋಣೆ ಇಲ್ಲದಿದ್ದರೆ ಬೆಂಗಳೂರಿನಲ್ಲೇ ಯಾರ ಬಳಿಯಾದರೂ ಬಿಟ್ಟು ಹೋಗಿ.

ಕಾಯಿಲೆಯನ್ನು ಇಲಿ ಕೊನೆಯವರೆಗೂ ಅಡಗಿಸಿಡುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯ ಸ್ವಭಾವವೇ ಅದು. ಹಾಗಾಗಿ ಅಡುಗೆಮನೆಯ ತಕ್ಕಡಿಯಂಥದೊಂದನ್ನು ಇಲಿಗೆಂದೇ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ ಎಂದು ಹೇಳುತ್ತೇನೆ. ಎರಡು ಮೂರು ಗ್ರಾಂ ಇಳಿದಿದ್ದರೂ ಫೋನ್ ಮಾಡಬೇಕು. ಮೈ ಮುದುಡಿ ಕೂತರೆ, ರೋಮ ನಿಗುರಿದರೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಬಂದರೆ ಅದೇ ದಿನ ಕರೆತರಬೇಕು. ಔಷಧಿಯ ಖರ್ಚು ಇಲಿಯ ಬೆಲೆಯನ್ನು ಮೀರುತ್ತದೆ. “ಇನ್ನೊಂದು ಕೊಂಡರಾಯಿತು” ಎನ್ನುವ ಮನೆಗೆ ನಾನು ಕೊಡುವುದಿಲ್ಲ.

ಆಯುಷ್ಯ ಸುಮಾರು ಎರಡು ವರ್ಷ. ಐದನೆಯ ತರಗತಿಯಲ್ಲಿ ಇಲಿಯನ್ನು ಮನೆಗೊಯ್ದ ಮಗು ಏಳನೆಯ ತರಗತಿಯಲ್ಲಿ ಅದರ ಸಾವನ್ನು ನೋಡುತ್ತದೆ. ಇದನ್ನು ಮಗುವಿನ ಎದುರಿನಲ್ಲೇ ಹೇಳುತ್ತೇನೆ. ಕೆಲವು ತಂದೆತಾಯಿಯರಿಗೆ ಮುಜುಗರವಾಗುತ್ತದೆ, ಮಕ್ಕಳಿಗೆ ಆಗುವುದಿಲ್ಲ. ಅವರು ಕೇಳುವುದು, “ಒಂದು ಸತ್ತರೆ ಇನ್ನೊಂದು ಒಂಟಿಯಾಗುತ್ತದಲ್ಲ?” ಎಂದು. ಅದಕ್ಕಾಗಿಯೇ ದತ್ತು ಪತ್ರದಲ್ಲಿ ಒಂದು ಸಾಲು ಬರೆಸಿಕೊಳ್ಳುತ್ತೇವೆ: ಒಂಟಿಯಾಗಿ ಉಳಿದ ಹೆಣ್ಣಿಗೆ ನಮ್ಮಿಂದ ಜೊತೆ ಒಯ್ಯಬೇಕು, ಇಲ್ಲವೇ ಅದನ್ನು ನಮಗೆ ಮರಳಿಸಬೇಕು. ಮರಳಿಸಿದವರನ್ನು ಯಾರೂ ಬೈಯುವುದಿಲ್ಲ, ಪಂಜರದ ಜಾಗವನ್ನು ನಾವೇ ಹೊಂದಿಸಿಕೊಳ್ಳುತ್ತೇವೆ.