ಅಚ್ಚಿಗೆ ಹೋಗುವ ಮುನ್ನ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಸೋಮವಾರ ಕಾರವಾರದ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಸಮಾಜ ವಿಜ್ಞಾನ ಕಲಿಸುವವಳೆಂದು ಇಸವಿ, ಹೆಸರು, ಅಂಕಿಸಂಖ್ಯೆ ಸರಿ ಇವೆಯೇ ಎಂದು ನೋಡುವ ಹೊಣೆಯನ್ನು ನನಗೆ ವಹಿಸಿದ್ದರು. ಹಳೆಯ ವಿದ್ಯಾರ್ಥಿಗಳ ನೆನಪುಗಳು, ಹಾರೈಕೆಯ ಮಾತುಗಳು, ದೇಣಿಗೆ ಕೊಟ್ಟವರ ಪಟ್ಟಿ ಇವುಗಳಲ್ಲೇನೂ ತೊಡಕಿರಲಿಲ್ಲ. ತೊಡಕು ಎದ್ದದ್ದು ಎರಡು ಲೇಖನಗಳ ಬಗ್ಗೆ. ಒಂದು, ಕಾರವಾರ ತಾಲ್ಲೂಕಿನ ಚೆಂಡಿಯಾ ಮೂಲದ ಪರಮವೀರ ಚಕ್ರ ಪುರಸ್ಕೃತ ರಾಮಾ ರಾಘೋಬಾ ರಾಣೆಯವರ ಕುರಿತದ್ದು. ಇನ್ನೊಂದು, ನಮ್ಮದೇ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದರ ಕುರಿತದ್ದು.

ಭಾನುವಾರ ಬೆಳಿಗ್ಗೆ ಶಿಕ್ಷಕರ ಕೊಠಡಿಯಲ್ಲಿ ಸೇರಿದೆವು. ಹೊರಗೆ ಧೋ ಎಂದು ಮಳೆ, ಒಳಗೆ ಕರೆಂಟಿಲ್ಲ. ಸಂಪಾದಕ ಮಂಡಳಿಯ ಅಧ್ಯಕ್ಷರು ನಮ್ಮ ನಿವೃತ್ತ ಮುಖ್ಯಾಧ್ಯಾಪಕರು, ಊರಿಗೆಲ್ಲ ಮಾಸ್ತರು. ಎರಡು ಪತ್ರಿಕೆಗಳನ್ನು ದಿನವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಅವರು ರಾಣೆಯವರ ಲೇಖನವನ್ನು ಮೇಜಿನ ಮೇಲಿಟ್ಟು ಹೇಳಿದರು: “ಅಕ್ಕೋರೇ, ಇದು ವಿಕಿಪೀಡಿಯದಿಂದ ಎತ್ತಿದ್ದು. ಯಾರು ಬೇಕಾದರೂ ಬರೆಯಬಹುದಾದ ಕಡೆಯಿಂದ ತಂದದ್ದಕ್ಕೆ ಶಾಲೆಯ ಹೆಸರು ಹಾಕುವುದು ಬೇಡ. ಗುಡ್ಡದ ಲೇಖನ ಪರವಾಗಿಲ್ಲ, ಟಿವಿಯಲ್ಲಿ ಬಂದದ್ದನ್ನೇ ಬರೆದಿದ್ದಾರೆ.”

ನನ್ನ ಅಭಿಪ್ರಾಯ ಸರಿಯಾಗಿ ಇದಕ್ಕೆ ಉಲ್ಟಾ ಇತ್ತು. ಆದರೆ ಮಾಸ್ತರ ಸಂಶಯವನ್ನು ತಳ್ಳಿಹಾಕುವಂತಿರಲಿಲ್ಲ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಸಹೋದರರ ಹತ್ಯೆಯ ನಂಟು ಕಟ್ಟಿ ಯಾರೋ ವಿಕಿಪೀಡಿಯದಲ್ಲಿ ಬರೆದರು. ಆ ಸುಳ್ಳು ಸುಮಾರು ನಾಲ್ಕು ತಿಂಗಳು ಹಾಗೆಯೇ ಕುಳಿತಿತ್ತು. ಅದೇ ವರ್ಷದ ಕೊನೆಗೆ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ತಜ್ಞರಿಗೆ ಕೊಟ್ಟು ಪರೀಕ್ಷಿಸಿದಾಗ ವಿಕಿಪೀಡಿಯದ ಪ್ರತಿ ಲೇಖನದಲ್ಲಿ ಸರಾಸರಿ ನಾಲ್ಕು ತಪ್ಪು, ಸಂಪಾದಕರಿರುವ ಬ್ರಿಟಾನಿಕಾ ವಿಶ್ವಕೋಶದಲ್ಲಿ ಮೂರು ತಪ್ಪು ಸಿಕ್ಕಿದವು. ಬ್ರಿಟಾನಿಕಾದವರು ಆ ಪರೀಕ್ಷೆಯನ್ನೇ ಒಪ್ಪಲಿಲ್ಲ. ಇದನ್ನೆಲ್ಲ ಮಾಸ್ತರಿಗೆ ಹೇಳಿದೆ. ಸಂಪಾದಕರಿದ್ದ ಕಡೆಯೂ ತಪ್ಪಿದೆ, ಸಂಪಾದಕರಿಲ್ಲದ ಕಡೆಯೂ ತಪ್ಪಿದೆ. ತಪ್ಪನ್ನು ನಾವು ಹಿಡಿಯಲು ದಾರಿ ಯಾರು ಬಿಟ್ಟಿದ್ದಾರೆ ಎಂದು ನೋಡೋಣ ಅಂದೆ.

ಪುಟ ಜೋಡಿಸಲು ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಇನ್ನೂ ಚಾರ್ಜ್ ಇತ್ತು. ಮೊಬೈಲ್‌ನಿಂದ ಇಂಟರ್ನೆಟ್ ಕೊಟ್ಟು ರಾಣೆಯವರ ಪುಟ ತೆರೆದೆವು. ನಮಗೆ ಬಂದ ಲೇಖನದಲ್ಲಿ ರಾಣೆಯವರು 1918ರ ಜೂನ್ 26ರಂದು ಹಾವೇರಿಯಲ್ಲಿ ಹುಟ್ಟಿದರು ಎಂದಿತ್ತು. ಮಾಸ್ತರಿಗೆ ಕೋಪ ಬಂದದ್ದೇ ಅಲ್ಲಿ. ಕಾರವಾರದ ಕಡಲತೀರದಲ್ಲಿ ಪ್ರತಿಮೆ ನಿಂತಿರುವ ನಮ್ಮ ಜಿಲ್ಲೆಯ ವೀರನನ್ನು ಹಾವೇರಿಗೆ ಕೊಟ್ಟುಬಿಡುವುದೇ? ಆದರೆ ಅದೇ ಸಾಲಿನ ಮುಂದೆ ತಂದೆ ಪೊಲೀಸ್ ಪೇದೆ, ಮನೆತನ ಚೆಂಡಿಯಾದ್ದು ಎಂದೂ ಇತ್ತು. ಪೊಲೀಸ್ ನೌಕರಿಯವನ ಮಗ ತಂದೆಗೆ ವರ್ಗವಾದ ಊರಿನಲ್ಲಿ ಹುಟ್ಟುವುದರಲ್ಲಿ ವಿಚಿತ್ರವೇನೂ ಇಲ್ಲ. ಹುಟ್ಟಿದ ಊರನ್ನೂ ಮೂಲದ ಊರನ್ನೂ ಬೇರೆ ಬೇರೆಯಾಗಿ ಹೇಳಿದ್ದರಿಂದ ಆ ಪುಟವೇ ಹೆಚ್ಚು ಜಾಗ್ರತೆಯಿಂದ ಬರೆದದ್ದೆಂದು ನನಗೆ ಅನ್ನಿಸಿತು. ವಾಕ್ಯದ ಕೊನೆಯ ಪುಟ್ಟ ಅಂಕಿಯನ್ನು ಒತ್ತಿದರೆ ಆ ಮಾತು ಬಂದದ್ದೆಲ್ಲಿಂದ ಎಂಬುದು ಕೆಳಗೆ ಕಾಣುತ್ತದೆ. ಮಾಸ್ತರು ಕನ್ನಡಕ ಏರಿಸಿ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಓದಿಸಿಕೊಂಡರು.

ಆಮೇಲೆ ಹುಡುಗ ‘ಇತಿಹಾಸ’ ಎಂಬ ಕೊಂಡಿಯನ್ನು ಒತ್ತಿ ತೋರಿಸಿದ. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಸೇರಿಸಿದರು, ಏನು ಅಳಿಸಿದರು ಎಂಬುದು ಸಾಲುಸಾಲಾಗಿ ಬಂತು. ಸೇರಿದ್ದಕ್ಕೆ ಹಸಿರು ಅಂಕಿ, ಕಳೆದದ್ದಕ್ಕೆ ಕೆಂಪು. ಬೇಕಾದ ಎರಡು ದಿನಗಳನ್ನು ಆರಿಸಿಕೊಂಡರೆ ಹಳೆಯ ರೂಪ ಎಡಕ್ಕೆ, ಹೊಸ ರೂಪ ಬಲಕ್ಕೆ. “ತಿದ್ದಿದ್ದನ್ನು ಮುಚ್ಚಿಡುವುದಿಲ್ಲವೇ?” ಎಂದು ಮಾಸ್ತರು ಕೇಳಿದರು. ಸಾಮಾನ್ಯವಾಗಿ ಇಲ್ಲ. ತೀರಾ ಮಾನಹಾನಿಕರವಾದದ್ದನ್ನೋ ಯಾರದಾದರೂ ಖಾಸಗಿ ವಿವರವನ್ನೋ ಮರೆಮಾಡುತ್ತಾರೆ, ಉಳಿದ ಜಗಳವೆಲ್ಲ ಅಲ್ಲೇ ಇರುತ್ತದೆ. ಪಕ್ಕದ ‘ಚರ್ಚೆ’ ಪುಟದಲ್ಲಿ ವಾದ ಮಾಡಬಹುದು, ಓದುಗರೂ ಅದನ್ನು ನೋಡಬಹುದು. ನಲವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಮನುಷ್ಯನಿಗೆ ಇದು ಹಿಡಿಸಿತು. ಅದು ಅವರ ಮುಖದಲ್ಲಿಯೇ ಕಾಣುತ್ತಿತ್ತು.

ಆದರೂ ಲೇಖನದ ಒಂದು ಮಾತನ್ನು ನಾನು ಹೊಡೆದುಹಾಕಿದೆ: ‘ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗ’. ಇದೇ ಮಾತನ್ನು ಲಾನ್ಸ್ ನಾಯಕ್ ಕರಮ್ ಸಿಂಗ್ ಅವರ ಬಗ್ಗೆಯೂ ಬರೆದವರಿದ್ದಾರೆ. ರಾಣೆಯವರ ಸಾಹಸ 1948ರ ಏಪ್ರಿಲ್‌ನದ್ದು, ಕರಮ್ ಸಿಂಗ್ ಅವರದ್ದು ಅದೇ ವರ್ಷದ ಅಕ್ಟೋಬರ್‌ನದ್ದು. ಪದಕವೇ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಹೀಗಿರುವಾಗ ‘ಮೊದಲಿಗ’ ಎಂಬುದು ಸಾಹಸದ ದಿನಾಂಕದಿಂದಲೋ, ಪ್ರಶಸ್ತಿಯ ದಿನಾಂಕದಿಂದಲೋ? ಆ ಪಟ್ಟ ಕಟ್ಟದಿದ್ದರೆ ರಾಣೆಯವರಿಗೆ ಕಡಿಮೆಯೇನೂ ಆಗುವುದಿಲ್ಲ. ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಏಪ್ರಿಲ್ 8ರಿಂದ 11ರವರೆಗೆ, ಗಾಯಗೊಂಡ ಮೇಲೂ, ಶತ್ರುವಿನ ಗುಂಡಿನ ನಡುವೆ ನೆಲಬಾಂಬುಗಳನ್ನೂ ರಸ್ತೆತಡೆಗಳನ್ನೂ ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು ಅವರು. ಅಷ್ಟನ್ನೇ ಬರೆದೆವು. ಆ ಲೇಖನದ ಕೆಲಸ ಅಲ್ಲಿಗೆ ಮುಗಿಯಿತು.

ಶಿರೂರಿನ ಲೇಖನಕ್ಕೆ ಮಾತ್ರ ಮಧ್ಯಾಹ್ನವೆಲ್ಲ ಹಿಡಿಯಿತು. ಅದನ್ನು ನಾನು ಶಾಂತವಾಗಿ ಓದಲೂ ಆಗಲಿಲ್ಲ. ಆ ಜುಲೈ ನಮಗೆ ದೂರದ ಸುದ್ದಿಯಲ್ಲ. ಹೆದ್ದಾರಿ ಬಂದಾಗಿ ಬಸ್ಸುಗಳು ಸುತ್ತು ಹಾಕುತ್ತಿದ್ದವು, ಮಕ್ಕಳು ತರಗತಿಯಲ್ಲಿ ಬೇರೇನನ್ನೂ ಮಾತಾಡುತ್ತಿರಲಿಲ್ಲ, ಮನೆಮನೆಯಲ್ಲೂ ಟಿವಿ ಹಚ್ಚಿಯೇ ಇರುತ್ತಿತ್ತು. ಲೇಖನ ಬರೆದವರು ಆಗ ಎರಡು ವಾಹಿನಿಗಳಲ್ಲಿ ಕಂಡದ್ದನ್ನು ಸೇರಿಸಿ ಹೆಣೆದಿದ್ದರು. ಒಂದು ವಾಹಿನಿಯ ಪ್ರಕಾರ ತಪ್ಪೆಲ್ಲ ಗುಡ್ಡ ಕಡಿದು ಹೆದ್ದಾರಿ ಅಗಲ ಮಾಡಿದವರದ್ದು, ಅಂದರೆ ಕೇಂದ್ರದ್ದು. ಇನ್ನೊಂದರ ಪ್ರಕಾರ ಶೋಧಕಾರ್ಯ ನಿಧಾನ ಮಾಡಿದ ರಾಜ್ಯದ್ದು. ಎರಡರಲ್ಲೂ ನಿಜದ ಅಂಶ ಇದ್ದೀತು. ಆದರೆ ಗುಡ್ಡ ಏಕೆ ಕುಸಿಯಿತು ಎಂಬ ಪ್ರಶ್ನೆಗೆ ಭೂವಿಜ್ಞಾನಿಯನ್ನು ಕೇಳುವ ಮೊದಲೇ ಇಬ್ಬರ ಉತ್ತರವೂ ಸಿದ್ಧವಾಗಿತ್ತು. ಗುಡ್ಡ ಕುಸಿದಾಗ ಲಾರಿಯೊಂದಿಗೆ ಕಾಣೆಯಾದ ಕೇರಳದ ಚಾಲಕನ ವಿಷಯದಲ್ಲಿ ಲಾರಿ ರಸ್ತೆಯ ಮಣ್ಣಿನಡಿಯೇ ಇದೆ ಎಂದು ಘಂಟಾಘೋಷವಾಗಿ ಹೇಳಿದವರಿದ್ದರು. ಅದು ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯೊಳಗೆ; ಚಾಲಕನ ದೇಹ ಕ್ಯಾಬಿನ್ನಿನಲ್ಲಿತ್ತು. ನಮ್ಮ ಲೇಖನದಲ್ಲಿ ಲಾರಿ ಇನ್ನೂ ಮಣ್ಣಿನಡಿಯೇ ಇತ್ತು.

“ಆ ವಾಹಿನಿಯವರು ಆಮೇಲೆ ತಿದ್ದಿ ಹೇಳಿದರೇ?” ಎಂದು ಮಾಸ್ತರೇ ಕೇಳಿದರು. ಹುಡುಗ ಹುಡುಕಿದ. ಲೇಖಕರು ಕಳಿಸಿದ್ದ ಎರಡು ಕೊಂಡಿಗಳಲ್ಲಿ ಒಂದು ತೆರೆಯಲೇ ಇಲ್ಲ. ಇನ್ನೊಂದರಲ್ಲಿ ಅದೇ ದೃಶ್ಯ, ಅದೇ ಮಾತು, ಎಲ್ಲಿಯೂ ತಿದ್ದುಪಡಿಯ ಸುಳಿವಿಲ್ಲ. ಮಾತು ತಪ್ಪಾದದ್ದು ದೊಡ್ಡದಲ್ಲ. ಆ ಗದ್ದಲದಲ್ಲಿ ಯಾರಿಗೂ ತಪ್ಪಬಹುದು. ಹೇಳಿದವರು ಹೆಜ್ಜೆಗುರುತನ್ನೇ ಉಳಿಸದೆ ಮುಂದಿನ ಸುದ್ದಿಗೆ ಹೋಗಿಬಿಟ್ಟರೆ, ಅವರನ್ನು ನಂಬಿ ಬರೆದವರು ತಮ್ಮ ಬರಹದೊಂದಿಗೆ ಅಲ್ಲೇ ಉಳಿದುಹೋಗುತ್ತಾರೆ. ಸ್ಮರಣ ಸಂಚಿಕೆಯಂಥದ್ದಂತೂ ಕಪಾಟಿನಲ್ಲಿ ಐವತ್ತು ವರ್ಷ ಇರುತ್ತದೆ.

ನನಗೆ ಹೆಚ್ಚು ನೋವು ತಂದದ್ದು ಬೇರೆ. ಇಡೀ ಲೇಖನದಲ್ಲಿ ಉಳುವರೆಯ ಹೆಸರಿರಲಿಲ್ಲ. ಗುಡ್ಡದ ಮಣ್ಣು ಹೆದ್ದಾರಿ ದಾಟಿ ನದಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ಬಿತ್ತು. ಅಲ್ಲಿಯೂ ಸಾವಾಯಿತು. ಕ್ಯಾಮೆರಾಗಳು ಹೆದ್ದಾರಿಯ ಕಡೆ ನಿಂತಿದ್ದವು. ಹೊರಿಸಲು ಬೇಕಾದ ಆರೋಪ ಆ ಕಡೆ ಇತ್ತು. ಉಳುವರೆಯವರ ಸಂಕಟದಿಂದ ಯಾವ ಪಕ್ಷಕ್ಕೂ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ಪಕ್ಷ ಹಿಡಿದ ಸುದ್ದಿ ಮಾಡುವುದು ಇದನ್ನೇ. ತನಗೆ ಬೇಡವಾದ ದಡದ ಕಡೆ ತಿರುಗಿಯೂ ನೋಡುವುದಿಲ್ಲ. ಉಳುವರೆಯ ವಿವರ ನಮಗೆ ಸಿಕ್ಕಿದ್ದು ಮಾಸ್ತರು ಮನೆಯಲ್ಲಿ ಕಟ್ಟಿಟ್ಟಿದ್ದ ಜಿಲ್ಲೆಯ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ, ದೋಣಿಯಲ್ಲಿ ಆಚೆ ಹೋಗಿ ಬಂದು ಬರೆದ ವರದಿಗಾರರಿಂದ. ಮಾಸ್ತರು ಮಳೆಯಲ್ಲೇ ಮನೆಗೆ ಹೋಗಿ ಆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು.

ಅವರು ಊಟದ ಹೊತ್ತಿಗೆ ಒಂದು ಪ್ರಶ್ನೆ ಎತ್ತಿದರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾದಾಗ, ಆಮೇಲೆ ಕರನಿರಾಕರಣೆಯಲ್ಲಿ ನಮ್ಮ ಹಿರಿಯರು ಜಮೀನು ಕಳೆದುಕೊಂಡಾಗ, ಅವರ ಪರ ಬರೆದ ಪತ್ರಿಕೆಗಳೂ ಪಕ್ಷ ಹಿಡಿದವೇ ಅಲ್ಲವೇ? ಟಿಳಕರ ‘ಕೇಸರಿ’, ಗಾಂಧೀಜಿಯ ‘ಯಂಗ್ ಇಂಡಿಯಾ’ ಯಾವ ನಿಷ್ಪಕ್ಷಪಾತ? ಮಾಸ್ತರು ಹೇಳಿದ್ದು ಸರಿ. ಪಕ್ಷ ಇರುವುದರಿಂದಲೇ ಸುದ್ದಿ ಸುಳ್ಳಾಗುವುದಿಲ್ಲ. ವಿಕಿಪೀಡಿಯದ ನಿಯಮವೂ ಇದನ್ನು ಒಪ್ಪುತ್ತದೆ: ಒಲವಿರುವ ಮೂಲವನ್ನೂ ಬಳಸಬಹುದು, ಆದರೆ ಅಭಿಪ್ರಾಯವನ್ನು ಇಂಥವರ ಅಭಿಪ್ರಾಯವೆಂದೇ ಹೇಳಬೇಕು. ಅಲ್ಲಿಯವರು ಬೇಡವೆನ್ನುವುದು ಸಂಗತಿಗಳನ್ನೇ ತಿರುಚುತ್ತದೆ ಎಂದು ತೀರ್ಮಾನಿಸಿದ ಮೂಲಗಳನ್ನು. 2017ರಲ್ಲಿ ಬ್ರಿಟನ್ನಿನ ‘ಡೈಲಿ ಮೇಲ್’ ಪತ್ರಿಕೆಯನ್ನು ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ಹೀಗೆಯೇ ದೂರವಿಟ್ಟರು. 2020ರಲ್ಲಿ ಎಡಪಂಥದ ‘ಗ್ರೇಝೋನ್’ ತಾಣಕ್ಕೂ ಅದೇ ಗತಿ. ಈ ಆಯ್ಕೆಯಲ್ಲೇ ಎಡಕ್ಕೆ ವಾಲಿದ್ದಾರೆ ಎಂದು ವಿಕಿಪೀಡಿಯದ ಸಹಸಂಸ್ಥಾಪಕ ಲ್ಯಾರಿ ಸ್ಯಾಂಗರ್ ಅವರೇ ದೂರುತ್ತಾರೆ. ನಮ್ಮ ದೇಶದಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಬಗೆಗಿನ ಬರಹದಿಂದ ಮಾನಹಾನಿಯಾಗಿದೆ ಎಂದು 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಮೊಕದ್ದಮೆಯ ಬಗ್ಗೆಯೇ ಇದ್ದ ಪುಟವನ್ನು ತೆಗೆಯಬೇಕೆಂದು ಹೈಕೋರ್ಟ್ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೀಗೆ ಅಲ್ಲಿಯೂ ಜಗಳ ಇದ್ದೇ ಇದೆ. ನಾನು ಅಲ್ಲಿಯವರ ಎಲ್ಲ ತೀರ್ಮಾನಗಳನ್ನೂ ಒಪ್ಪುವವಳಲ್ಲ. ತೀರ್ಮಾನಕ್ಕೆ ಕೊಟ್ಟ ಕಾರಣವನ್ನು ಓದಿ ಒಪ್ಪದಿರಲು ಸಾಧ್ಯವಾಗುತ್ತದೆ, ಅಷ್ಟು ನನಗೆ ಸಾಕು.

ಕನ್ನಡ ವಿಕಿಪೀಡಿಯದ ಬಗ್ಗೆ ಮಾತ್ರ ನನಗೆ ಇಷ್ಟು ಧೈರ್ಯವಿಲ್ಲ, ಇದನ್ನೂ ಮಾಸ್ತರಿಗೆ ಹೇಳಿದೆ. 2003ರಲ್ಲಿ ಶುರುವಾದದ್ದು, ಪ್ರೀತಿಯಿಂದ ಬರೆಯುವವರಿದ್ದಾರೆ, ಆದರೆ ಇಂಗ್ಲಿಷಿನಷ್ಟು ಕಣ್ಣುಗಳಿಲ್ಲ. ಕಣ್ಣು ಕಡಿಮೆ ಇದ್ದ ಕಡೆ ಏನಾಗಬಹುದೆಂದು ಬೇರೆ ಭಾಷೆಗಳಲ್ಲಿ ಕಂಡಿದ್ದೇವೆ. ಕ್ರೊವೇಷಿಯನ್ ವಿಕಿಪೀಡಿಯವನ್ನು ಬಲಪಂಥದ ಒಂದು ಗುಂಪು ವರ್ಷಗಟ್ಟಲೆ ಹಿಡಿತದಲ್ಲಿಟ್ಟುಕೊಂಡು ಎರಡನೆಯ ಮಹಾಯುದ್ಧದ ಅಪರಾಧಗಳನ್ನು ಮೆತ್ತಗೆ ಮಾಡಿ ಬರೆಯಿತು. 2021ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನವೇ ಇದರ ವರದಿ ಹೊರತಂದಿತು. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ಸಾವಿರಾರು ಲೇಖನ ಬರೆದಿದ್ದ ಎಂಬುದು 2020ರಲ್ಲಿ ಹೊರಬಿತ್ತು. ಇತಿಹಾಸದ ಪುಟ ತೆರೆದಿಟ್ಟರಷ್ಟೇ ಆಗಲಿಲ್ಲ, ನೋಡುವವರು ಬೇಕು. ನಮ್ಮ ಊರಿನ ವಿಷಯಕ್ಕೆ ನಾವೇ ನೋಡಬೇಕು.

ಇದನ್ನು ಕೇಳಿದ ಮೇಲೆ ಮಾಸ್ತರಿಗೆ ಹುರುಪು ಬಂತು. ಉಳುವರೆಯ ವಿಷಯವನ್ನು ನಾವೇ ವಿಕಿಪೀಡಿಯದಲ್ಲಿ ಬರೆಯೋಣ, ನಮ್ಮ ಸಂಚಿಕೆಯನ್ನೇ ಆಧಾರವೆಂದು ಕೊಡೋಣ ಎಂದರು. ನನಗೆ ದಿಗಿಲಾಯಿತು. ನಮ್ಮ ಸಂಚಿಕೆಯ ಅರ್ಧ ಸಂಗತಿಗಳು ಅಲ್ಲಿಂದಲೇ ಬಂದಿವೆ. ಅಲ್ಲಿಂದ ತಂದದ್ದನ್ನು ನಾವು ಅಚ್ಚು ಹಾಕಿ, ಅಚ್ಚಾದದ್ದನ್ನು ನಾಳೆ ಯಾರೋ ಅಲ್ಲಿಗೇ ಸಾಕ್ಷಿಯಾಗಿ ಒಯ್ದರೆ, ಒಂದೇ ಮಾತು ಎರಡು ಬಾಯಿಯ ಮಾತಾಗಿ ಕಾಣುತ್ತದೆ. ಮೊದಲಿನದು ತಪ್ಪಿದ್ದರೆ ಆಮೇಲೆ ಅದನ್ನು ಕೀಳುವುದು ಬಹಳ ಕಷ್ಟ. ದೊಡ್ಡ ಪತ್ರಿಕೆಗಳಲ್ಲೂ ಹೀಗಾಗಿದೆ. ಆಧಾರ ಕೊಡುವುದಾದರೆ ದೋಣಿಯಲ್ಲಿ ಹೋಗಿ ಬಂದವರ ವರದಿಯನ್ನು ಕೊಡೋಣ, ನಮ್ಮದನ್ನಲ್ಲ ಎಂದೆ. ಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಸಂಜೆ ಕರೆಂಟು ಬಂದ ಮೇಲೆ ಎರಡೂ ಲೇಖನಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಸಂಗತಿ ಎಲ್ಲಿಂದ ಬಂದದ್ದೆಂದು ಬರೆದೆವು: ಇಷ್ಟು ವಿಕಿಪೀಡಿಯದಿಂದ, ಇಂಥ ದಿನ ನೋಡಿದ್ದು, ಇಷ್ಟು ಇಂಥ ದಿನಾಂಕದ ಪತ್ರಿಕೆಯಿಂದ, ಇಷ್ಟು ಉಳುವರೆಯವರ ಬಾಯಿಂದ ಲೇಖಕರೇ ಕೇಳಿಕೊಂಡು ಬರಬೇಕಾದದ್ದು. ಈ ಕೊನೆಯದಕ್ಕೆ ಅರ್ಧ ಪುಟ ಖಾಲಿ ಬಿಟ್ಟೆವು. ಮುದ್ರಣಾಲಯದವರಿಗೆ ಫೋನ್ ಮಾಡಿ ಸೋಮವಾರದ ಬದಲು ಗುರುವಾರ ಕೊಡುತ್ತೇವೆ ಎಂದು ಮಾಸ್ತರು ತಿಳಿಸಿದರು. ಲೇಖಕರಿಗೆ ಫೋನ್ ಮಾಡಿ ನಾಳೆಯೇ ಆಚೆ ದಡಕ್ಕೆ ಹೋಗಿ ಬರುವಂತೆ ಹೇಳಿದವರೂ ಅವರೇ.