ಪವರ್ ಇದೆ, ಇನ್ನು ವಿಲ್ ಯಾಕೆ?

ಡೊಂಬಿವಲಿಯಿಂದ ಬೊರಿವಲಿವರೆಗೆ ಮುಂಬೈ ಕನ್ನಡಿಗರಾದ ನಮ್ಮವರ ಮನೆಗಳಲ್ಲಿ ಕೇಳಿಬರುವ ಮಾತಿದು: "ಅಪ್ಪ ನನ್ನ ಹೆಸರಿಗೆ ಪವರ್ ಬರೆದುಕೊಟ್ಟಿದ್ದಾರೆ, ಇನ್ನೇನು ಚಿಂತೆ?" ಚಿಂತೆ ಶುರುವಾಗುವುದೇ ಅಲ್ಲಿ. ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೆ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ, ಮುಗಿಯಿತು. ಅವರ ಬುದ್ಧಿ ಸ್ಥಿಮಿತ ತಪ್ಪಿದರೂ ಮುಗಿಯಿತು.

ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮರೆವಿನ ಕಾಯಿಲೆ ಬಂತು, ಪಾರ್ಶ್ವವಾಯು ಬಡಿದು ಪ್ರಜ್ಞೆ ತಪ್ಪಿತು ಎನ್ನುವಾಗಲೇ ಆ ಕಾಗದ ಬೇಕಾಗುವುದು, ಆಗಲೇ ಅದಕ್ಕೆ ಬಲ ಇರುವುದಿಲ್ಲ. ಕೆಲವು ದೇಶಗಳಲ್ಲಿ ಬುದ್ಧಿ ಹೋದ ಮೇಲೂ ಉಳಿಯುವ ಪವರ್ ಇದೆ. ನಮ್ಮ ಕಾನೂನಿನಲ್ಲಿ ಅಂಥದ್ದಿಲ್ಲ. ಕೋಮಾದಲ್ಲಿರುವ ತಂದೆಯ ಹಣ ತೆಗೆಯಲು ಮಕ್ಕಳು ಹೈಕೋರ್ಟಿಗೆ ಹೋಗಿ ಪಾಲಕತ್ವ ಕೇಳಬೇಕಾಗುತ್ತದೆ. ಆದ್ದರಿಂದ ಆರೋಗ್ಯವಿರುವಾಗಲೇ, ಆಸ್ಪತ್ರೆಯ ಖರ್ಚಿಗೆ ಸಾಲುವಷ್ಟು ಹಣವನ್ನು ಗಂಡಹೆಂಡಿರ ಜಂಟಿ ಖಾತೆಯಲ್ಲಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಷರತ್ತಿನಲ್ಲಿ ಇಡಿ.

ಹಾಗೆಂದು ಪವರ್ ಬೇಡವೆಂದಲ್ಲ. ಊರಿನ ಜಾಗಕ್ಕೆ ಅದು ಬೇಕೇ ಬೇಕು. ಪಹಣಿ ತಿದ್ದುಪಡಿ, ತೆರಿಗೆ, ಸರ್ವೆ ಎಂದು ಪ್ರತಿಸಲ ರೈಲು ಹತ್ತುವುದು ಆಗುವ ಮಾತಲ್ಲ. ಆದರೆ ನೋಡಿಕೊಳ್ಳುವ ಪವರ್ ಬೇರೆ, ಮಾರುವ ಪವರ್ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ತುರುಕಬೇಡಿ. ಮಾರಾಟದ್ದರಲ್ಲಿ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಗ್ರಾಮ, ಹಣ ಯಾರ ಖಾತೆಗೆ ಬರಬೇಕು, ಯಾವ ತಾರೀಖಿನವರೆಗೆ ಜಾರಿ ಎಂಬುದೆಲ್ಲ ಇರಲಿ. "ನನ್ನ ಸಮಸ್ತ ಆಸ್ತಿ" ಎಂಬ ಒಂದು ಸಾಲು ಅಣ್ಣತಮ್ಮಂದಿರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಲು ಸಾಕು.

ನೋಟರಿಯ ಮುದ್ರೆ ಇದ್ದರೆ ಸಾಕು ಎಂದು ಊರಿಗೆ ಕಳಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ವಾಪಸು ಬರುವವರು ಬಹಳ. ನೋಂದಣಿ ಕಾಯ್ದೆಯ 33ನೇ ಕಲಂ ಹೇಳುವುದು ಇಷ್ಟು: ನಿಮ್ಮ ಪರವಾಗಿ ಇನ್ನೊಬ್ಬರು ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಾದರೆ, ನೀವು ವಾಸವಿರುವ ಜಾಗದ ರಿಜಿಸ್ಟ್ರಾರ್ ಅಥವಾ ಸಬ್‌ರಿಜಿಸ್ಟ್ರಾರರ ಎದುರು ಪವರ್‌ಗೆ ಸಹಿ ಹಾಕಿ ದೃಢೀಕರಿಸಿಕೊಂಡಿರಬೇಕು. ಕುಂದಾಪುರದ ಜಾಗವಾದರೂ ಸಹಿ ನಡೆಯಬೇಕಾದದ್ದು ನೀವಿರುವ ಮುಂಬೈಯಲ್ಲಿ. ಹಾಸಿಗೆ ಹಿಡಿದವರಿದ್ದರೆ ಅಧಿಕಾರಿಯನ್ನು ಮನೆಗೆ ಕರೆಸಿಕೊಳ್ಳಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಮಗ ದುಬೈಯಲ್ಲಿದ್ದರೆ ಅಲ್ಲಿಯ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ಹಾಕಬಹುದು. ಆ ಕಾಗದ ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಲೇಬೇಕು. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಫ್ಲಾಟ್ 'ಕೊಂಡವರು' ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ.

ಇನ್ನು ವಿಲ್. ಅದು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಸ್ವಂತ ದುಡಿಮೆಯಿಂದ ಫ್ಲಾಟ್ ಕೊಂಡ ಹಿಂದೂ ಗಂಡಸು ತೀರಿಕೊಂಡರೆ ತಾಯಿ, ಹೆಂಡತಿ, ಮಗ, ಮಗಳು ನಾಲ್ವರಿಗೂ ಸಮಪಾಲು, ಅಂದರೆ ತಲಾ ಕಾಲುಭಾಗ. ಆಮೇಲೆ ತಾಯಿ ವಿಲ್ ಬರೆಯದೆ ಹೋದರೆ ಆಕೆಯ ಕಾಲುಭಾಗದಲ್ಲಿ ಆಕೆಯ ಉಳಿದ ಮಕ್ಕಳಿಗೂ ಹಕ್ಕು ಹುಟ್ಟುತ್ತದೆ. ಆಗ ಮುಂಬೈ ಫ್ಲಾಟ್ ಮಾರಲು ಊರಿನ ಮೈದುನ, ನಾದಿನಿಯರ ಸಹಿಯೂ ಬೇಕು. ಮಕ್ಕಳಿಲ್ಲದ ವಿಧವೆ ತನ್ನ ದುಡಿಮೆಯಿಂದ ಮಾಡಿದ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ, ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ದುಡಿಯುವ ಪ್ರತಿ ಹೆಣ್ಣುಮಗಳೂ ಈ ಕಾರಣಕ್ಕೆ ವಿಲ್ ಬರೆಯಬೇಕು, ಇಂದೇ ಬರೆಯಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನದವರು ಕುಟುಂಬದ ಅಥವಾ ಕವರಿನ (ಆ ಕುಟುಂಬದ ಕವಲಿನ) ಆಸ್ತಿಯಲ್ಲಿ ತಮ್ಮ ಪಾಲಿಗೂ ವಿಲ್ ಬರೆಯಬಹುದು. ಅದೇ ಕಾಯ್ದೆಯ 30ನೇ ಕಲಂ ಅದನ್ನು ಹೆಸರಿಟ್ಟೇ ಹೇಳುತ್ತದೆ. ಬರೆಯಬಹುದಾದದ್ದು ತಮ್ಮ ಪಾಲನ್ನು ಮಾತ್ರ, ಇಡೀ ಜಾಗವನ್ನಲ್ಲ.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲಿ ಬರೆಯಬಹುದು. ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಿರುವುದು ಇಬ್ಬರು ಸಾಕ್ಷಿಗಳು: ನೀವು ಸಹಿ ಹಾಕುವುದನ್ನು ಅವರು ನೋಡಿ, ನಿಮ್ಮೆದುರೇ ತಾವೂ ಸಹಿ ಮಾಡಬೇಕು. ಒಳಗೆ ಏನಿದೆ ಎಂದು ಅವರು ಓದಬೇಕಾಗಿಲ್ಲ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನಿಮ್ಮ ವಯಸ್ಸಿನ ಗೆಳೆಯರೂ ಬೇಡ. ನಾಳೆ ಕೋರ್ಟಿಗೆ ಬಂದು ಹೇಳಲು ಒಬ್ಬರಾದರೂ ಬದುಕಿರಬೇಕಲ್ಲ. ಪ್ರತಿ ಪುಟಕ್ಕೂ ಸಹಿ ಹಾಕಿ. ಕಾಟು ಹೊಡೆದು ತಿದ್ದುವ ಬದಲು ಹೊಸದಾಗಿ ಬರೆದು, ಹಳೆಯದು ರದ್ದು ಎಂದು ಸೇರಿಸಿ. ವಯಸ್ಸು ಎಪ್ಪತ್ತು ದಾಟಿದ್ದರೆ, ಬುದ್ಧಿ ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪತ್ರವನ್ನು ಅದೇ ದಿನ ಪಡೆದು ಲಗತ್ತಿಸಿ. ಮದುವೆಯಿಂದ ಹಿಂದೂಗಳ ವಿಲ್ ರದ್ದಾಗುವುದಿಲ್ಲ, ಕ್ರೈಸ್ತರದ್ದು ರದ್ದಾಗುತ್ತದೆ. ಮಂಗಳೂರಿನ ಕ್ರೈಸ್ತ ಬಂಧುಗಳು ಮದುವೆಯ ನಂತರ ಮತ್ತೆ ಬರೆಯಬೇಕು.

ಮುಂಬೈಯ ಹಿಂದೂ ವಿಲ್‌ಗೆ ಪ್ರೊಬೇಟ್ (ವಿಲ್ ಸರಿಯಾದದ್ದೆಂದು ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯ ಎಂಬುದು ಬಹುಕಾಲದ ನಿಯಮವಾಗಿತ್ತು. ಅದಕ್ಕೆ ಆಧಾರವಾಗಿದ್ದ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಆದರೂ ಮನೆಯಲ್ಲಿ ತಕರಾರಿನ ವಾಸನೆ ಇದ್ದರೆ ಪ್ರೊಬೇಟ್ ಮಾಡಿಸಿಕೊಳ್ಳುವುದೇ ಕ್ಷೇಮ.

ಹೌಸಿಂಗ್ ಸೊಸೈಟಿಯ ನಾಮಿನಿ ಫಾರಂ ತುಂಬಿದರೆ ಎಲ್ಲ ಆಯಿತೆಂದುಕೊಳ್ಳಬೇಡಿ. ಮಹಾರಾಷ್ಟ್ರದ ಸಹಕಾರಿ ಕಾನೂನಿನಲ್ಲಿ ನಾಮಿನಿಗೆ ಸಿಗುವುದು ತಾತ್ಕಾಲಿಕ ಸದಸ್ಯತ್ವ, ಮಾಲೀಕತ್ವವಲ್ಲ. ವಿಲ್‌ನಲ್ಲಿ ಯಾರ ಹೆಸರಿದೆಯೋ ನಾಮಿನಿ ಫಾರಂನಲ್ಲೂ ಅವರದ್ದೇ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೂಲಪ್ರತಿಯನ್ನು ಒಬ್ಬರ ಹೆಸರಿನ ಲಾಕರ್‌ನಲ್ಲಿ ಮಾತ್ರ ಇಡಬೇಡಿ, ಬೀಗ ತೆಗೆಸಲು ವಾರಸುದಾರರು ಅಲೆಯಬೇಕಾಗುತ್ತದೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರ್ ಬಳಿ ಠೇವಣಿ ಇಡಬಹುದು. ವಿಲ್ ಜಾರಿ ಮಾಡಲು ನೀವು ಹೆಸರಿಸಿದ ವ್ಯಕ್ತಿಗೆ, ಅದು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿಡಿ.