ಕಿನ್ಜುವಾ ಸೇತುವೆ: ಮೇಲೆ ನಡೆದವರು ಕೆಳಗೂ ಇಳಿಯಿರಿ

ಹಳೆಯ ಹಳಿಗಳ ಗುಂಟ ಸುಮಾರು 600 ಅಡಿ ನಡೆಯುತ್ತಿದ್ದಂತೆ ಸೇತುವೆ ತಟ್ಟನೆ ಮುಗಿದುಹೋಗುತ್ತದೆ. ತುದಿಯ ನೆಲಕ್ಕೆ ಗಾಜು ಹಾಕಿದ್ದಾರೆ. 225 ಅಡಿ ಕೆಳಗಿನ ಕಣಿವೆ ಪಾದದಡಿಯಲ್ಲೇ ಕಾಣುತ್ತದೆ. ಮುಂದೆ ಇರಬೇಕಿದ್ದ ಉಕ್ಕಿನ ಗೋಪುರಗಳು ಹಸಿರಿನ ನಡುವೆ ಅಡ್ಡಡ್ಡ ಮಲಗಿವೆ. ಅಲ್ಲಿ ನಿಂತವರ ಮಾತು ಒಂದು ಗಳಿಗೆ ನಿಂತುಹೋಗುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದ ಈ ಸೇತುವೆಯನ್ನು 1882ರಲ್ಲಿ ಕಟ್ಟಿದಾಗ ತಗುಲಿದ್ದು 94 ದಿನ. ಕಣಿವೆ ಅತಿ ಆಳವಿರುವಲ್ಲಿ 301 ಅಡಿ ಎತ್ತರ, 2,053 ಅಡಿ ಉದ್ದ. ಆಗ ಜಗತ್ತಿನ ಅತಿ ಎತ್ತರದ ರೈಲ್ವೆ ಸೇತುವೆ. ರೈಲುಗಳು ಭಾರವಾಗುತ್ತ ಬಂದಂತೆ 1900ರಲ್ಲಿ ಕಬ್ಬಿಣದ ಗೋಪುರಗಳನ್ನು ತೆಗೆದು ಉಕ್ಕಿನವನ್ನು ನಿಲ್ಲಿಸಿದರು. ಆದರೆ ಬುಡದ ಕಲ್ಲುಕಟ್ಟೆ, ಅದರೊಳಗಿನ ಬೋಲ್ಟು ಹಳೆಯವೇ. ಆ ಬೋಲ್ಟುಗಳಿಗೆ ಕಾಲರ್ (ಎರಡು ತುಂಡುಗಳನ್ನು ಕೂಡಿಸುವ ಲೋಹದ ಬಳೆ) ಜೋಡಿಸಿ ಉದ್ದ ಮಾಡಿಕೊಂಡರು. ತಪ್ಪಾದದ್ದು ಇಲ್ಲೇ.

ಗೋಪುರದ ಭಾರವನ್ನು ಕಲ್ಲು ಹೊರುತ್ತದೆ, ನಿಜ. ಆದರೆ ಗಾಳಿ ಪಕ್ಕದಿಂದ ತಳ್ಳಿದಾಗ ಆ ಬದಿಯ ಕಾಲು ಮೇಲೇಳಲು ನೋಡುತ್ತದೆ. ಅದನ್ನು ನೆಲಕ್ಕೆ ಹಿಡಿದಿಡುವುದು ಬೋಲ್ಟು ಮಾತ್ರ. ನೂರು ವರ್ಷದ ಅಲುಗಾಟಕ್ಕೆ ಕಾಲರುಗಳಲ್ಲಿ ಬಿರುಕು ಬಿಟ್ಟಿತ್ತು, ಬೋಲ್ಟುಗಳನ್ನು ತುಕ್ಕು ತಿಂದಿತ್ತು. 2002ರಲ್ಲಿ ಪ್ರವಾಸಿ ರೈಲನ್ನೂ ಕಾಲ್ನಡಿಗೆಯನ್ನೂ ನಿಲ್ಲಿಸಿ, ಮರುವರ್ಷ ದುರಸ್ತಿಗೆ ಕೈ ಹಾಕಿದರು. 2003ರ ಜುಲೈ 21ರ ಮಧ್ಯಾಹ್ನ ಸುಂಟರಗಾಳಿ ಬಂತು. ಸೇತುವೆ ನಾಲ್ಕೈದು ಸಲ ತೂಗಾಡಿರಬೇಕೆಂದು ತನಿಖೆ ಅಂದಾಜಿಸಿತು. 20 ಗೋಪುರಗಳಲ್ಲಿ 11 ಉರುಳಿದವು.

ಮೊದಲಿದ್ದಂತೆ ಕಟ್ಟಲು 4.5 ಕೋಟಿ ಡಾಲರ್ ಬೇಕೆಂಬ ಅಂದಾಜಿತ್ತು. ಅದನ್ನು ಕೈಬಿಟ್ಟು, ಒಂದು ಬದಿಯಲ್ಲಿ ಉಳಿದ ಆರು ಗೋಪುರಗಳನ್ನು ಭದ್ರಪಡಿಸಿ, 43 ಲಕ್ಷ ಡಾಲರಿನಲ್ಲಿ ನಡಿಗೆ ಸೇತುವೆ ಮಾಡಿ 2011ರ ಸೆಪ್ಟೆಂಬರಿನಲ್ಲಿ ತೆರೆದರು. ಬಿದ್ದದ್ದನ್ನು ಗುಜರಿಗೆ ಹಾಕದೆ ಬಿದ್ದಂತೆಯೇ ಬಿಟ್ಟದ್ದು ಈ ಕೆಲಸದಲ್ಲೇ ಅತ್ಯಂತ ಒಳ್ಳೆಯ ತೀರ್ಮಾನ. ಎಲೆ ಕೆಂಪಾಗುವ ಅಕ್ಟೋಬರಿನಲ್ಲಿ ಜನ ಹೆಚ್ಚು; ಆಗ ಹೋಗುವವರು ಬೆಳಿಗ್ಗೆ ಬೇಗ ಹೋಗಬೇಕು.

ಗಾಜಿನ ಮೇಲೆ ಫೋಟೊ ತೆಗೆದು ಹಿಂತಿರುಗಬೇಡಿ. ಕಣಿವೆಗೆ ಕಡಿದಾದ ಕಾಲುದಾರಿಯಿದೆ. ಹಿಡಿತವಿರುವ ಬೂಟು ಹಾಕಿಕೊಳ್ಳಿ, ಹತ್ತಿ ಬರಲು ಇಳಿದದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಉಕ್ಕಿನ ರಾಶಿಯನ್ನು ಹತ್ತುವುದು ಬೇಡ, ಅಂಚುಗಳು ಹರಿತ. ದಾರಿಯಲ್ಲೇ ನಿಂತು ಕಲ್ಲುಕಟ್ಟೆಗಳನ್ನು ನೋಡಿ: ಗೋಪುರ ಹೋಗಿದೆ, 1882ರ ಕಲ್ಲು ಕದಲದೆ ಕೂತಿದೆ.